ಎರಡನೆಯ ಬಸ್ಸಿನ ಮುನಿಕೃಷ್ಣಪ್ಪ

ಮುನಿಕೃಷ್ಣಪ್ಪ ಆರು ವರ್ಷ ಬಸ್ಸು ಓಡಿಸಿದ. ಆರು ವರ್ಷದಲ್ಲಿ ಒಂದು ದಿನವೂ ಮುಂದಿನ ಬಸ್ಸನ್ನು ದಾಟಲಿಲ್ಲ. ದಾಟುವುದು ಗೊತ್ತಿಲ್ಲದೆ ಅಲ್ಲ. ದಾಟಬಾರದು ಎಂದು ಓನರ್ ಹೇಳಿದ್ದರು, ಇವನು ಹೂಂ ಎಂದಿದ್ದ. ಒಂದು ಹೂಂಗಾಗಿ ಆರು ವರ್ಷ ಇನ್ನೊಬ್ಬರ ಧೂಳು ಕುಡಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ನಾನು ಅದೇ ಬಸ್ಸಿನ ಕಂಡಕ್ಟರ್ ಚೆನ್ನರಾಯಪ್ಪ. ಕೊನೆಯ ಮೂರು ವರ್ಷ ಆ ಧೂಳಿನಲ್ಲಿ ನನ್ನ ಪಾಲೂ ಇತ್ತು.

ನಮ್ಮ ಓನರದು ಎರಡು ಬಸ್ಸು. ಎರಡೂ ತಾಯಲೂರಿನಿಂದ ಹೊರಟು ಮುಳಬಾಗಿಲಿನ ಮೇಲೆ ಕೋಲಾರಕ್ಕೆ ಹೋಗುತ್ತಿದ್ದವು. ಮೊದಲನೆಯದು ಮುಳಬಾಗಿಲು ಬಿಡುವುದು ಬೆಳಿಗ್ಗೆ ಏಳಕ್ಕೆ, ನಮ್ಮದು ಏಳೂ ಹತ್ತಕ್ಕೆ. ಒಬ್ಬನೇ ಓನರ್‌ನ ಬಸ್ಸುಗಳು ಒಂದನ್ನೊಂದು ದಾಟಬಾರದು ಎನ್ನುವುದು ಪ್ರೈವೇಟ್ ಬಸ್ಸಿನವರೆಲ್ಲ ಒಪ್ಪಿಕೊಂಡಿದ್ದ ಕಟ್ಟಳೆ. ಮುಂದಿನ ಬಸ್ಸು ಜನರನ್ನು ಹತ್ತಿಸಿಕೊಂಡು ಹೋಗಬೇಕು. ಹಿಂದಿನದು ಅದರ ಬೆನ್ನಿಗೆ ಅಂಟಿಕೊಂಡು, ಬೇರೆ ಕಂಪನಿಯ ಬಸ್ಸು ನಡುವೆ ನುಗ್ಗದಂತೆ ಕಾಯಬೇಕು. ಏಳರ ಬಸ್ಸಿಗೆ ಇಸ್ತ್ರಿ ಬಟ್ಟೆಯ ಕಚೇರಿಯವರು, ಕಾಲೇಜಿನವರು. ನಮ್ಮದಕ್ಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಬದನೆಕಾಯಿ ಮೂಟೆ, ಕಾಲು ಕಟ್ಟಿದ ಕೋಳಿ, ಮತ್ತೆ ಏಳರ ಬಸ್ಸು ತಪ್ಪಿಹೋಯಿತೆಂದು ನನ್ನನ್ನು ಬೈಯುವ ಜನ.

ಮುಂದಿನ ಬಸ್ಸಿನ ಡ್ರೈವರ್ ದೊಡ್ಡವೆಂಕಟಪ್ಪ. ಅರವತ್ತರ ಹತ್ತಿರದ ಮನುಷ್ಯ, ಒಳ್ಳೆಯವರು, ಆದರೆ ಬಸ್ಸನ್ನು ಎತ್ತಿನ ಗಾಡಿಯ ಹಾಗೆ ಓಡಿಸುತ್ತಿದ್ದರು. ದಾರಿಯಲ್ಲಿ ಗುರುತಿನವರು ಕೈ ಎತ್ತಿದರೆ ನಿಲ್ಲಿಸಿ ಅವರ ಸೊಸೆಯ ಬಾಣಂತನದ ತನಕ ವಿಚಾರಿಸುವರು. ಅವರ ಹಿಂದೆ ನಾವು ಎರಡನೆಯ ಗೇರಿನಲ್ಲಿ ತೆವಳಬೇಕು. ನಾನು ತಲೆ ಕೆಟ್ಟು ಸೀಟಿ ಊದುತ್ತಿದ್ದೆ.

"ದಾಟಣ್ಣ, ರೋಡು ಖಾಲಿ ಇದೆ. ಮುಂದೆ ಹೋಗಿ ನಿಂತ್ಕೊಳ್ಳೋಣ."

"ಸುಮ್ನಿರೋ ಚೆನ್ನ. ನಮ್ಮೋನೂ ಹಿಂಗೇ ಅಲ್ವಾ ಹೋಗ್ತಿರೋದು?"

ಈ "ನಮ್ಮೋನು" ಯಾರೆಂದು ಹೇಳಬೇಕಾದರೆ ಮುನಿಕೃಷ್ಣಪ್ಪನ ಹುಚ್ಚಿನ ವಿಷಯ ಹೇಳಬೇಕು. ಬಸ್ಸಿಗೆ ಬರುವ ಮುಂಚೆ ಅವನು ಮದ್ರಾಸಿನಲ್ಲಿ ಆರೇಳು ವರ್ಷ ಒಂದು ಮೋಟಾರು ವರ್ಕ್‌ಶಾಪಿನಲ್ಲಿದ್ದ. ಅದರ ಧಣಿಗೆ ರೇಸಿನ ಖಯಾಲಿ. ಊರಾಚೆ ಶೋಲಾವರಂ ಎಂಬಲ್ಲಿ ಯುದ್ಧಕಾಲದ ಹಳೆಯ ವಿಮಾನದ ಪಟ್ಟಿಯಿತ್ತು. ವರ್ಷಕ್ಕೊಮ್ಮೆ ಅಲ್ಲಿ ಕಾರಿನ ರೇಸು. ಮುನಿಕೃಷ್ಣಪ್ಪ ಚಕ್ರದ ನಟ್ಟು ಬಿಗಿಯಲು ಹೋಗುತ್ತಿದ್ದ. ಅಲ್ಲೇ ಅವನು ಒಂಟಿ ಸೀಟಿನ ಕಾರು ನೋಡಿದ್ದು. ಅದಕ್ಕೆ ಚಾವಣಿಯಿಲ್ಲ, ಬಾಗಿಲಿಲ್ಲ, ನಾಲ್ಕು ಚಕ್ರವೂ ಮೈಯಿಂದ ಹೊರಗೆ. ಡ್ರೈವರ್ ಕೂರುವುದಿಲ್ಲ, ಕಾಲು ಚಾಚಿ ಮಲಗಿದ ಹಾಗೆ ಇರುತ್ತಾನೆ. ಪಕ್ಕದಲ್ಲಿ ಯಾರಿಗೂ ಜಾಗವಿಲ್ಲ. ಒಂದು ಸಲ ಅಂಥ ಕಾರನ್ನು ಶೆಡ್ಡಿಗೆ ತಳ್ಳುವಾಗ ಇವನನ್ನು ಸ್ಟೇರಿಂಗ್ ಹಿಡಿಯಲು ಒಳಗೆ ಕೂರಿಸಿದರಂತೆ. ಎಂಜಿನ್ ಕೂಡ ಹಾಕಿರಲಿಲ್ಲ. ಇಪ್ಪತ್ತು ಗಜ ತಳ್ಳಿಸಿಕೊಂಡ ಆ ಸವಾರಿಯನ್ನು ಅವನು ನನಗೆ ನೂರು ಸಲವಾದರೂ ಹೇಳಿದ್ದಾನೆ.

ಅಪ್ಪ ಸತ್ತ ಮೇಲೆ ಊರಿಗೆ ಬಂದ, ತಾಯಲೂರಿನ ಅಂಜಮ್ಮನನ್ನು ಮದುವೆಯಾದ, ಬಸ್ಸು ಹಿಡಿದ. ಹುಚ್ಚು ಮಾತ್ರ ಬಿಡಲಿಲ್ಲ. ಹೊರದೇಶಗಳಲ್ಲಿ ನಡೆಯುವ ಎಲ್ಲಕ್ಕಿಂತ ದೊಡ್ಡ ರೇಸಿನ ಸುದ್ದಿ ಅವನಿಗೆ ಬೇಕೇ ಬೇಕು. ಅದು ಬರುತ್ತಿದ್ದುದು ಇಂಗ್ಲಿಷ್ ಪೇಪರಿನ ಆಟದ ಪುಟದ ಮೂಲೆಯಲ್ಲಿ, ನಾಲ್ಕು ಸಾಲು. ಅವನಿಗೆ ಕನ್ನಡ, ತೆಲುಗು ಓದಲು ಬರುತ್ತಿತ್ತು, ತಮಿಳು ಮಾತಾಡುತ್ತಿದ್ದ, ಇಂಗ್ಲಿಷ್ ಒಂದಕ್ಷರ ಇಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಇಂಗ್ಲಿಷಿನಲ್ಲಿ ಪಾಸಾದವನು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ಅಲ್ಲಿನ ಪೇಪರ್ ಅಂಗಡಿಯ ಮುಂದೆ ನಿಂತು ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅವನು ಕಣ್ಣು ಮುಚ್ಚಿ ಕೇಳಬೇಕು. ಸುತ್ತಿದ್ದೇ ಸುತ್ತುವುದರಲ್ಲಿ ಏನು ಸುಖ ಎಂದು ನಾನು ಮೊದಮೊದಲು ರೇಗುತ್ತಿದ್ದೆ.

"ನಾವು ಸುತ್ತೋದೇನು ಮತ್ತೆ?" ಎಂದ. "ತಾಯಲೂರು ಕೋಲಾರ, ಕೋಲಾರ ತಾಯಲೂರು. ಅವರಿಗೆ ಗೆದ್ರೆ ಒಂದು ಕಪ್ಪಾದ್ರೂ ಸಿಗತ್ತೆ."

ಆಮೇಲೆ ಬಸ್ಸಿನ ಹಿಂದಿನ ಗಾಜಿನ ಧೂಳಿನ ಮೇಲೆ ಬೆರಳಿನಲ್ಲಿ ಬರೆದು ನನಗೆ ಪಾಠ ಮಾಡಿದ. ಶನಿವಾರ ಒಬ್ಬೊಬ್ಬರೂ ಎಷ್ಟು ಬೇಗ ಒಂದು ಸುತ್ತು ಬರುತ್ತಾರೆ ಎಂದು ಗಡಿಯಾರ ಹಿಡಿದು ನೋಡುತ್ತಾರೆ. ಬೇಗ ಬಂದವನು ಭಾನುವಾರ ಮುಂದಿನ ಸಾಲಿನಲ್ಲಿ ನಿಲ್ಲುತ್ತಾನೆ. "ಕಿಟಕಿಯಿಂದ ಸೀಟಿಗೆ ಟವಲು ಹಾಕ್ತಾರಲ್ಲ, ಹಂಗೆ. ಶನಿವಾರ ಟವಲು ಹಾಕೋದು, ಭಾನುವಾರ ಕೂರೋದು." ವರ್ಷಕ್ಕೆ ಹದಿನಾರು ರೇಸು, ಒಂದೊಂದು ಒಂದೊಂದು ದೇಶದಲ್ಲಿ. ಮೊದಲು ಬಂದವನಿಗೆ ಒಂಬತ್ತು ಪಾಯಿಂಟು, ಎರಡನೆಯವನಿಗೆ ಆರು, ಆಮೇಲೆ ನಾಲ್ಕು, ಮೂರು, ಎರಡು, ಒಂದು. ಏಳನೆಯವನಿಗೆ ಚೊಂಬು. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಯಾರೂ ಯಾರನ್ನೂ ದಾಟುವಂತಿಲ್ಲ. ಕಪ್ಪು ಬಿಳುಪು ಚೌಕದ ಬಾವುಟ ಬೀಸಿದರೆ ರೇಸು ಮುಗಿಯಿತು. ವರ್ಷದ ಕೊನೆಗೆ ಪಾಯಿಂಟು ಕೂಡಿಸಿ ಯಾರದು ಹೆಚ್ಚೋ ಅವನು ಲೋಕಕ್ಕೆ ಮೊದಲನೆಯವನು. ಕಾರು ಕಟ್ಟಿದ ಕಂಪನಿಗೆ ಬೇರೆಯ ಪಟ್ಟಿ, ಬೇರೆಯ ಬಹುಮಾನ. ಒಂದು ಕಂಪನಿಗೆ ಸಾಮಾನ್ಯವಾಗಿ ಎರಡು ಕಾರು, ಇಬ್ಬರು ಡ್ರೈವರು.

ಕಲಿಯುವುದು ಇಷ್ಟೇ. ಒಂದು ತಿಂಗಳಲ್ಲಿ ನನಗೂ ಗೀಳು ಹತ್ತಿತು. ಮುಳಬಾಗಿಲಿನವರು ನಮ್ಮಿಬ್ಬರನ್ನು ನೋಡಿ ನಗುತ್ತಿದ್ದರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಬಸ್ಸು ಹತ್ತು ನಿಮಿಷ ಲೇಟು, ಮಾತು ಮಾತ್ರ ರೇಸಿಂದು" ಎನ್ನುತ್ತಿದ್ದರು. ಅನ್ನಲಿ ಬಿಡಿ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಒಂದು ಕಂಪನಿಯ ಎರಡು ಕಪ್ಪು ಬಣ್ಣದ ಕಾರುಗಳನ್ನು ಹಿಡಿಯುವವರೇ ಇರಲಿಲ್ಲ. ಒಂದರಲ್ಲಿ ಅಮೆರಿಕದವನು, ಇನ್ನೊಂದರಲ್ಲಿ ಸ್ವೀಡನ್ ದೇಶದವನು. ಸ್ವೀಡನ್ನಿನವನೇ ಹೆಚ್ಚು ವೇಗದವನು ಎಂದು ಬಲ್ಲವರು ಬರೆಯುತ್ತಿದ್ದರು. ಆದರೆ ಅಮೆರಿಕದವನೇ ಹಿರಿಯ, ಅವನು ಮುಂದಿದ್ದರೆ ಇವನು ದಾಟಬಾರದು ಎಂದು ಕಂಪನಿಯವರು ಮೊದಲೇ ಮಾತಾಡಿಕೊಂಡಿದ್ದರು. ಬೆಲ್ಜಿಯಂನಲ್ಲಿ ಅವನು ಮೊದಲು, ಇವನು ಎರಡು. ಸ್ಪೇನಿನಲ್ಲೂ ಹಾಗೇ, ಫ್ರಾನ್ಸಿನಲ್ಲೂ ಹಾಗೇ. ಇದನ್ನು ನಾನು ಓದಿ ಹೇಳಿದ ದಿನ ಮುನಿಕೃಷ್ಣಪ್ಪ ಪೇಪರ್ ಅಂಗಡಿಯ ಕಲ್ಲಿನ ಮೇಲೆ ಕೂತುಬಿಟ್ಟ. "ಇವನು ನಮ್ಮೋನು ಕಣೋ" ಎಂದ. ಅಂದಿನಿಂದ ಆ ಸ್ವೀಡನ್ನಿನವನ ಹೆಸರು ನಮ್ಮ ಬಾಯಲ್ಲಿ ನಮ್ಮೋನು. ಅವನ ನಿಜವಾದ ಹೆಸರು ಮುನಿಕೃಷ್ಣಪ್ಪನ ನಾಲಿಗೆಯಲ್ಲಿ ಕೊನೆಯವರೆಗೂ ಹೊರಳಲಿಲ್ಲ.

ಆಗಸ್ಟಿನಲ್ಲಿ ಆಸ್ಟ್ರಿಯಾದಲ್ಲಿ ಮಳೆ ಬಂತು. ಅಮೆರಿಕದವನು ಮೊದಲ ಸುತ್ತಿನಲ್ಲೇ ಜಾರಿ ಹೊರಗೆ ಹೋದ, ನಮ್ಮೋನು ಗೆದ್ದ. ಮುನಿಕೃಷ್ಣಪ್ಪ ಅವತ್ತು ಕೋಲಾರದಿಂದ ಮುಳಬಾಗಿಲಿನವರೆಗೂ ಹಾರ್ನ್ ಹೊಡೆದುಕೊಂಡೇ ಬಂದ. ಇನ್ನೊಂದು ಸುದ್ದಿಯೂ ಪೇಪರಿನಲ್ಲಿತ್ತು. ಮುಂದಿನ ವರ್ಷ ನಮ್ಮೋನು ಬೇರೆ ಕಂಪನಿಗೆ ಹೋಗುತ್ತಾನೆ, ಅಲ್ಲಿ ಅವನೇ ಮೊದಲನೆಯ ಡ್ರೈವರ್. ಅದನ್ನು ಮೂರು ಸಲ ಓದಿಸಿದ. ಅದಕ್ಕೆ ಕಾರಣ ಇತ್ತು. ದೊಡ್ಡವೆಂಕಟಪ್ಪನವರು ಸಂಕ್ರಾಂತಿಗೆ ಬಸ್ಸು ಬಿಟ್ಟು ಮನೆಯಲ್ಲಿ ಕೂರುವುದಾಗಿ ಹೇಳಿದ್ದರು. "ಏಳರ ಬಸ್ಸು ಇನ್ಮೇಲೆ ನಿಂದೇ ಕಣಯ್ಯ" ಎಂದು ಓನರ್ ಎಲ್ಲರ ಎದುರಿಗೇ ಮುನಿಕೃಷ್ಣಪ್ಪನಿಗೆ ಮಾತು ಕೊಟ್ಟಿದ್ದರು. ಆರು ವರ್ಷದಿಂದ ಅವನು ಬಾಯಿಬಿಟ್ಟು ಕೇಳದೆ ಮನಸ್ಸಿನಲ್ಲೇ ಬಯಸಿದ್ದು ಅದೊಂದೇ. ಅಂಜಮ್ಮ ಆಗಲೇ ತಾಯಲೂರಿನಲ್ಲಿ ಮನೆಮನೆಗೂ ಹೇಳಿಕೊಂಡು ಬಂದಿದ್ದರು.

ಗೌರಿ ಹಬ್ಬಕ್ಕೆ ಇನ್ನು ಎರಡು ವಾರ ಇತ್ತು. ದೇವರಾಯಸಮುದ್ರದ ಕೆರೆಯ ಹತ್ತಿರ ಮುಂದಿನ ಬಸ್ಸಿನ ಪಟ್ಟಿ ಸ್ಪ್ರಿಂಗ್ ಮುರಿದು ಬಸ್ಸು ಒಂದು ಕಡೆಗೆ ವಾಲಿ ನಿಂತಿತ್ತು. ದೊಡ್ಡವೆಂಕಟಪ್ಪ ಪಾಪ ತಲೆಗೆ ಟವಲು ಸುತ್ತಿಕೊಂಡು ಕೆಳಗೆ ನುಗ್ಗಲು ನೋಡುತ್ತಿದ್ದರು. ಮುನಿಕೃಷ್ಣಪ್ಪ ನಮ್ಮ ಬಸ್ಸು ನಿಲ್ಲಿಸಿ ಓಡಿಹೋಗಿ ಅವರನ್ನು ಪಕ್ಕಕ್ಕೆ ಸರಿಸಿದ. ಜಾಕ್ ಕೊಟ್ಟು, ಹಗ್ಗ, ಮರದ ತುಂಡು ಹಿಡಿದು ತಾನೇ ಕೆಳಗೆ ಹೋದ. ಹಿಂದಿನ ರಾತ್ರಿ ಮಳೆಯಾಗಿ ನೆಲ ಮೆದುವಾಗಿತ್ತು. ಜಾಕು ಜಾರಿತು. ಅವನ ಎಡ ತೊಡೆಯ ಮೂಳೆ ಮುರಿದ ಶಬ್ದವನ್ನು ನಾನು ಕೇಳಿದೆ. ಅದನ್ನು ಇಲ್ಲಿ ಬರೆಯಲಾರೆ.

ಕೋಲಾರದ ಆಸ್ಪತ್ರೆಯಲ್ಲಿ ಕಾಲಿಗೆ ಕಲ್ಲಿನ ತೂಕ ಇಳಿಬಿಟ್ಟು ಮಲಗಿಸಿದರು. ನಾನು ದಿನಾ ಬಸ್ಸು ನಿಂತ ಮುಕ್ಕಾಲು ಗಂಟೆಯಲ್ಲಿ ಪೇಪರು ಹಿಡಿದು ಅಲ್ಲಿಗೆ ಓಡುತ್ತಿದ್ದೆ. ಹಾಲೆಂಡಿನಲ್ಲಿ ಅಮೆರಿಕದವನು ಮೊದಲು, ನಮ್ಮೋನು ಎರಡು. "ಪರವಾಗಿಲ್ಲ, ಇನ್ನು ಮೂರೇ ರೇಸು, ಆಮೇಲೆ ಅವನದೇ ದಾರಿ ಅವನಿಗೆ" ಎಂದು ಮುನಿಕೃಷ್ಣಪ್ಪ ಮಲಗಿದಲ್ಲೇ ಸಮಾಧಾನ ಹೇಳಿದ. ಯಾರಿಗೆ ಹೇಳಿಕೊಂಡನೋ.

ಮೂಳೆ ಕೂಡಿಕೊಳ್ಳಲಿಲ್ಲ. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿ ಹೇಳಿದರು: ತೂಕದಿಂದ ಆಗುವುದಿಲ್ಲ, ಒಳಗೆ ಕಂಬಿ ಹಾಕಬೇಕು, ಶನಿವಾರ ಬೆಂಗಳೂರಿನಿಂದ ದೊಡ್ಡ ಡಾಕ್ಟರು ಬರುತ್ತಾರೆ, ಒಪ್ಪಿ ಸೈನ್ ಹಾಕಿದರೆ ಜನವರಿಗೆ ಬಸ್ಸು ಓಡಿಸಬಹುದು, ಹಾಕದಿದ್ದರೆ ಕಾಲು ಗಿಡ್ಡವಾಗುತ್ತದೆ. ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ಆದರೆ ಮುನಿಕೃಷ್ಣಪ್ಪನಿಗೆ ಕತ್ತಿ ಎಂದರೆ ಭಯ. ಅವನ ಅಪ್ಪ ಆಪರೇಷನ್ ಟೇಬಲ್ಲಿನಿಂದ ಎದ್ದಿರಲಿಲ್ಲ. "ನೋಡೋಣ" ಎನ್ನುವುದು, ಗೋಡೆಯ ಕಡೆ ತಿರುಗುವುದು.

ಸೆಪ್ಟೆಂಬರ್ ಹನ್ನೊಂದು, ಸೋಮವಾರ. ಪೇಪರಿನಲ್ಲಿ ಇಟಲಿಯ ರೇಸಿನ ಸುದ್ದಿ. ಹಿಂದಿನ ಸಾಲಿನ ಕಾರುಗಳು ಇನ್ನೂ ಬಂದು ನಿಲ್ಲುವ ಮುಂಚೆಯೇ ಹಸಿರು ದೀಪ ಹಾಕಿಬಿಟ್ಟಿದ್ದರು. ಎಲ್ಲ ಒಂದೇ ಕಡೆ ನುಗ್ಗಿ, ಒಂದಕ್ಕೊಂದು ಬಡಿದು, ನಮ್ಮೋನ ಕಾರಿಗೆ ಬೆಂಕಿ ಹತ್ತಿತ್ತು. ಬೇರೆ ಡ್ರೈವರುಗಳೇ ಓಡಿಬಂದು ಅವನನ್ನು ಎಳೆದು ಹಾಕಿದರು. ಎರಡು ಕಾಲೂ ಮುರಿದಿವೆ, ಆದರೆ ಜೀವಕ್ಕೆ ಭಯವಿಲ್ಲ, ಆಪರೇಷನ್ ಮಾಡುತ್ತಾರೆ ಎಂದು ಬರೆದಿತ್ತು. ನಾನು ಓದಿ ಹೇಳಿದೆ. ಮುನಿಕೃಷ್ಣಪ್ಪ ತನ್ನ ಕಾಲಿನ ಕಡೆ ನೋಡಿದ.

"ಅವನಿಗೂ ಕಾಲೇನಾ?" ಎಂದ.

"ಕಾಲೇ ಅಣ್ಣ. ಎರಡೂ."

"ಆಪರೇಷನ್‌ಗೆ ಒಪ್ಕೊಂಡ್ನಾ?"

"ಒಪ್ಕೊಂಡಿದಾನೆ."

"ಎರಡು ಕಾಲಿನೋನೇ ಒಪ್ಕೊಂಡಿದಾನೆ, ನಾನೊಂದು ಕಾಲಿಗೆ ಹೆದರ್ತಿದೀನಿ" ಎಂದು ಸಣ್ಣಗೆ ನಕ್ಕ. ಬಾಗಿಲ ಹತ್ತಿರ ಮುದ್ದೆಯ ಡಬ್ಬಿ ತೊಳೆಯುತ್ತಿದ್ದ ಅಂಜಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆಚೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ನಿನ್ನ ಮಾತು ಕೇಳ್ತಾರೆ ಚೆನ್ನ. ಅದೇನು ಪೇಪರಲ್ಲಿ ಬರತ್ತೋ ಓದಿ ಓದಿ ಹೇಳು. ಶನಿವಾರದ ತನಕ ಧೈರ್ಯ ತುಂಬು, ನಿನ್ನ ಕಾಲಿಗೆ ಬೀಳ್ತೀನಿ" ಎಂದರು.

ಮರುದಿನ ಮಂಗಳವಾರ ಪೇಪರ್ ಅಂಗಡಿಯ ಮುಂದೆ ನಿಂತು ಓದಿದೆ. ರಾತ್ರಿ ಆಪರೇಷನ್ ಆಯಿತು, ಬೆಳಿಗ್ಗೆ ಅವನು ಸತ್ತ. ಮುರಿದ ಮೂಳೆಯೊಳಗಿನ ಕೊಬ್ಬು ರಕ್ತಕ್ಕೆ ಸೇರಿ ಹೀಗಾಯಿತು ಎಂದು ಡಾಕ್ಟರು ಹೇಳಿದ್ದರು. ಮೂವತ್ತನಾಲ್ಕು ವರ್ಷ. ಮುನಿಕೃಷ್ಣಪ್ಪನಿಗಿಂತ ಎರಡು ವರ್ಷ ಚಿಕ್ಕವನು. ಕಂಡರಿಯದ ದೇಶದ, ಹೆಸರು ಹೊರಳದ ಯಾವನೋ ಒಬ್ಬನಿಗಾಗಿ ನಾನು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರಿಗೆ ಅತ್ತೆ. ಆಮೇಲೆ ಪೇಪರನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಆಸ್ಪತ್ರೆಗೆ ಹೋದೆ.

"ಪೇಪರೆಲ್ಲೋ?"

"ಖಾಲಿಯಾಗಿತ್ತಣ್ಣ, ನಿಂತ್ಕೊಂಡೇ ಓದಿ ಬಂದೆ. ಆಪರೇಷನ್ ಚೆನ್ನಾಗಾಯ್ತಂತೆ. ಎದ್ದು ಕೂತಿದಾನಂತೆ."

ಅವನ ಮುಖ ಅರಳಿದ್ದನ್ನು ನಾನು ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಬುಧವಾರ ನಮ್ಮೋನು ಗಂಜಿ ಕುಡಿದ ಎಂದೆ. ಗುರುವಾರ ಮುಂದಿನ ವರ್ಷದ ಕಂಪನಿಯವರು ಬಂದು ನೋಡಿಕೊಂಡು ಹೋದರು ಎಂದೆ. ಒಂದು ಸುಳ್ಳಿಗೆ ಒಂಬತ್ತು ಸುಳ್ಳು ಎನ್ನುತ್ತಾರಲ್ಲ, ಮೂರು ದಿನದಲ್ಲಿ ಒಂಬತ್ತು ಮುಗಿಸಿದೆ. ಗುರುವಾರ ಮಧ್ಯಾಹ್ನ ಮುನಿಕೃಷ್ಣಪ್ಪ ಒಪ್ಪಿಗೆಯ ಕಾಗದಕ್ಕೆ ಕನ್ನಡದಲ್ಲಿ ಸೈನ್ ಹಾಕಿದ. ಅಂಜಮ್ಮ ಸೆರಗು ಒಡ್ಡಿ ಊರ ದೇವತೆ ಮುತ್ಯಾಲಮ್ಮನಿಗೆ ಹರಸಿಕೊಂಡರು. ದೊಡ್ಡವೆಂಕಟಪ್ಪನವರೂ ಬಂದಿದ್ದರು, ನನ್ನ ಬೆನ್ನು ತಟ್ಟಿದರು. ಎಲ್ಲರೂ ನನ್ನನ್ನು ಹೊಗಳುವವರೇ.

ಆ ರಾತ್ರಿ ನನಗೆ ಬೇರೆ ಯೋಚನೆ ಹತ್ತಿತು. ಮೂರು ವರ್ಷ ನಾನು ಓದಿದ್ದನ್ನೆಲ್ಲ ಅವನು ಕಣ್ಣು ಮುಚ್ಚಿ ನಂಬಿದ್ದ. ಅದೇ ನಂಬಿಕೆಯಿಂದ ನಾಳಿದ್ದು ಕತ್ತಿಗೆ ಮೈ ಕೊಡುತ್ತಾನೆ. ಏನಾದರೂ ಆಗಿ ಅವನೂ ಏಳದೆ ಹೋದರೆ? ಕೊಂದವನು ನಾನೇ ಆಗುತ್ತೇನೆ. ಈಗ ನಿಜ ಹೇಳುತ್ತೇನೆ, ಆಗ ನನ್ನನ್ನು ಕೊರೆದದ್ದು ಸತ್ಯದ ಮೇಲಿನ ಪ್ರೀತಿಯಲ್ಲ. ನನ್ನ ತಲೆಯ ಮೇಲೆ ಪಾಪ ಬರುತ್ತದಲ್ಲ ಎನ್ನುವ ಭಯ.

ಶುಕ್ರವಾರ ಹೋದಾಗ ಮುನಿಕೃಷ್ಣಪ್ಪ ಉತ್ಸಾಹದಲ್ಲಿದ್ದ. ಏಳರ ಬಸ್ಸಿನ ಸೀಟನ್ನು ಎಷ್ಟು ಮುಂದಕ್ಕೆ ಎಳೆಸಬೇಕು, ಕನ್ನಡಿ ಎಲ್ಲಿ ಹಾಕಿಸಬೇಕು ಎಂದು ಹೇಳುತ್ತಿದ್ದ. "ಇವತ್ತೇನು ಬಂದಿದೆ ನಮ್ಮೋನ ಸುದ್ದಿ?" ಎಂದ. ನಾನು ಬಾಯಿ ಬಿಟ್ಟೆ. ಗಂಜಿಯ ವಿಷಯವೋ ಇನ್ನೊಂದೋ ಹೇಳಬೇಕೆಂದೇ ಬಾಯಿ ಬಿಟ್ಟಿದ್ದು.

"ಅಣ್ಣ, ಅವನು ಸತ್ತೋದ. ಸೋಮವಾರಾನೇ. ಆಪರೇಷನ್ ಆದ ಮೇಲೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊಬ್ಬು, ರಕ್ತ, ಆಪರೇಷನ್ನಿನ ತಪ್ಪಲ್ಲ, ನಿನ್ನದು ಬೇರೆ ಥರದ ಏಟು, ಮೂರು ವಾರ ಆಗಿದೆ, ಡಾಕ್ಟರನ್ನೇ ಕೇಳೋಣ ಎಂದು ನಾನು ಎಷ್ಟು ಬಡಬಡಿಸಿದರೂ ಅವನ ಕಿವಿಗೆ ಬೀಳಲಿಲ್ಲ. ಅವನು ನನ್ನನ್ನು ಬೈಯಲಿಲ್ಲ. ಸುಮ್ಮನೆ ಕಾಲಿಗೆ ಕಟ್ಟಿದ್ದ ತೂಕದ ಹಗ್ಗವನ್ನು ನೋಡುತ್ತಾ ಮಲಗಿದ. ಸ್ವಲ್ಪ ಹೊತ್ತಿನ ಮೇಲೆ "ದೊಡ್ಡವೆಂಕಟಪ್ಪಣ್ಣನ್ನ ಕರಿ" ಎಂದ.

ದೊಡ್ಡವೆಂಕಟಪ್ಪ ಬಂದರು. ಇವನ ಕಾಲು ಮುರಿದದ್ದು ತಮ್ಮ ಬಸ್ಸಿನ ಕೆಳಗೆ ಎಂಬ ಕೊರಗು ಅವರನ್ನು ತಿನ್ನುತ್ತಿತ್ತು. "ಕತ್ತಿ ವದ್ದುರಾ ನಾಯನಾ, ಕತ್ತಿ ಬೇಡ, ಕಟ್ಟು ಹಾಕಿಸೋಣ" ಎಂದರು. ಗಡಿಯಾಚೆ ಆಂಧ್ರದಲ್ಲಿ ಮೂಳೆ ಕಟ್ಟುವವರ ಒಂದು ಊರಿತ್ತು. ನಮ್ಮ ಕಡೆ ಕೈ ಮುರಿದರೆ, ಮೀನಖಂಡ ಉಳುಕಿದರೆ ಅಲ್ಲಿಗೇ ಓಡುವುದು. ಡಾಕ್ಟರು ಕೂಗಾಡಿದರು, ಆಮೇಲೆ ಕೈ ಮುಗಿದರು. ಅಂಜಮ್ಮ ಬಾಗಿಲಿಗೆ ಅಡ್ಡ ನಿಂತರು. ಯಾವುದೂ ನಡೆಯಲಿಲ್ಲ. ಶನಿವಾರ ಬೆಳಿಗ್ಗೆ, ಬೆಂಗಳೂರಿನ ಡಾಕ್ಟರು ಬರುವ ಹೊತ್ತಿಗೆ, ಬಾಡಿಗೆ ವ್ಯಾನಿನಲ್ಲಿ ಅವನನ್ನು ಮಲಗಿಸಿಕೊಂಡು ಹೊರಟಿದ್ದೆವು. ವ್ಯಾನು ಹತ್ತುವಾಗ ಅಂಜಮ್ಮ ನನ್ನ ಕಡೆ ತಿರುಗಿ, "ನಿನ್ನ ಬಾಯಿ ಸೇದೋಗ" ಎಂದು ಶಪಿಸಿದರು. ಅದಕ್ಕಿಂತ ಹೆಚ್ಚು ಏನನ್ನೂ ಅವರು ಯಾವತ್ತೂ ಅನ್ನಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಿದೆ. ಇಟಲಿಯಲ್ಲಿ ಯಾರೋ ಸತ್ತರೆಂದು ತಾಯಲೂರಿನವನು ಆಸ್ಪತ್ರೆ ಬಿಟ್ಟು ಓಡಿಹೋದ. ಕಟ್ಟು ಹಾಕುವ ಮುದುಕರು ಪ್ರಾಮಾಣಿಕರು. ತೊಡೆ ಮುಟ್ಟಿ ನೋಡಿ, "ಇದು ನಮ್ಮ ಕೈಯಲ್ಲಾಗೋದಲ್ಲ, ತಡವಾಗಿದೆ, ಆಸ್ಪತ್ರೆಗೇ ವಾಪಸ್ ಹೋಗಿ" ಎಂದು ತೆಲುಗಿನಲ್ಲಿ ಎರಡು ಸಲ ಹೇಳಿದರು. ಮುನಿಕೃಷ್ಣಪ್ಪ ಅವರ ಕೈ ಹಿಡಿದುಕೊಂಡು ಬಿಡಲಿಲ್ಲ. ಕೊನೆಗೆ ಮೊಟ್ಟೆಯ ಬಿಳಿ, ಸೊಪ್ಪು, ಬಿದಿರಿನ ದಬ್ಬೆ, ಬಟ್ಟೆ ಹಾಕಿ ಕಟ್ಟಿದರು.

ಅಕ್ಟೋಬರಿನಲ್ಲಿ ಆ ವರ್ಷದ ರೇಸುಗಳು ಮುಗಿದವು. ಬೇಡಬೇಡವೆಂದರೂ ಮನಸ್ಸು ತಡೆಯದೆ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ತಾಯಲೂರಿಗೆ ಹೋದೆ. ಅಮೆರಿಕದವನು ಅರವತ್ತನಾಲ್ಕು, ಮೊದಲು. ನಮ್ಮೋನು ಐವತ್ತೊಂದು, ಎರಡು. ಸತ್ತ ಮೇಲೆ ಎರಡು ರೇಸು ನಡೆದರೂ ಬದುಕಿದ್ದವರು ಯಾರೂ ಅವನನ್ನು ದಾಟಿರಲಿಲ್ಲ.

"ಹೋದೋರ ಪಾಯಿಂಟು ಅಳಿಸಲ್ಲ ಕಣೋ. ಗಳಿಸಿದ್ದು ಹಂಗೇ ಇರತ್ತೆ" ಎಂದ. ಅದು ಅವನು ನನಗೆ ಹೇಳಿಕೊಟ್ಟ ಕೊನೆಯ ರೂಲ್ಸು. ಆಮೇಲೆ ಯಾವತ್ತೂ ರೇಸಿನ ಸುದ್ದಿ ಓದಿಸಲಿಲ್ಲ.

ಸಂಕ್ರಾಂತಿಯ ಮರುದಿನ ಓನರ್ ಏಳರ ಬಸ್ಸನ್ನು ತೊಳೆಸಿ, ಬಾಳೆಕಂದು ಕಟ್ಟಿಸಿ ನಿಲ್ಲಿಸಿದ್ದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಮುನಿಕೃಷ್ಣಪ್ಪ ಕೋಲೂರಿಕೊಂಡು ಬಂದ, ಕೋಲನ್ನು ನನ್ನ ಕೈಗೆ ಕೊಟ್ಟು ಎರಡು ಕೈಯಿಂದ ಮೈಯೆತ್ತಿ ಸೀಟಿಗೆ ಹತ್ತಿದ. ಎಡಗಾಲು ಮೂರು ಬೆರಳಗಲ ಗಿಡ್ಡ, ಮಂಡಿ ಅರ್ಧವೇ ಮಡಚಿಕೊಳ್ಳುತ್ತಿತ್ತು. ಕ್ಲಚ್ಚು ಸಿಗಲಿಲ್ಲ. ಸೀಟಿನ ಅಂಚಿಗೆ ಜಾರಿ ಕೂತ. ಸಿಕ್ಕಿತು, ಆದರೆ ಅದುಮಿ ಹಿಡಿಯುವ ಶಕ್ತಿ ಕಾಲಿಗಿರಲಿಲ್ಲ. ಪೆಡಲಿಗೆ ಮರದ ತುಂಡು ಕಟ್ಟಿ ನೋಡಿದೆವು. ಗೇರು ಕಿರುಚಿತು, ಬಸ್ಸು ಮುಗ್ಗರಿಸಿ ನಿಂತಿತು. ನಾಲ್ಕು ಸಲ ಹೀಗೆಯೇ ಆಯಿತು. ಐದನೆಯ ಸಲ ಅವನ ಹಣೆ ಬೆವತು, ತುಟಿ ಕಚ್ಚಿ ರಕ್ತ ಬಂದಿತ್ತು. ಅವನು ಎಂಜಿನ್ ಆಫ್ ಮಾಡಿ, ಕೀ ತೆಗೆದು, ಓನರ್ ಕೈಗೆ ಕೊಟ್ಟ.

"ಆಗಲ್ಲ ಅಣ್ಣ" ಎಂದ, ಅಷ್ಟೇ.

ಓನರ್ ಅವನನ್ನು ಕೈಬಿಡಲಿಲ್ಲ. ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಮಾಡಿ ಕೂರಿಸಿದರು. ಬೇರೆಯವರ ಬಸ್ಸು ಯಾವಾಗ ಹೊರಡಬೇಕೆಂದು ಸೀಟಿ ಊದುವ ಕೆಲಸ. ಎಂಟು ವರ್ಷ ಊದಿದ. ಏಳರ ಬಸ್ಸು ಶ್ರೀನಿವಾಸಪುರದ ಕಡೆಯವನೊಬ್ಬನ ಪಾಲಾಯಿತು. ನಾನು ಏಳೂ ಹತ್ತರಲ್ಲೇ ಉಳಿದೆ. ನನ್ನ ಜೊತೆ ಅವನು ಮೊದಲಿನ ಹಾಗೇ ಇದ್ದ, ಟೀ ತರಿಸುತ್ತಿದ್ದ, ನನ್ನ ಮದುವೆಗೆ ಅಂಜಮ್ಮನ ಜೊತೆ ಬಂದು ಓಡಾಡಿದ. ಒಂದು ದಿನವಾದರೂ ಬೈದಿದ್ದರೆ, ಕೆನ್ನೆಗೊಂದು ಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇವನು ನನ್ನನ್ನು ಕ್ಷಮಿಸಿದ್ದಾನೆ ಎಂದು ನಾನೇ ಅಂದುಕೊಂಡು ದಿನ ತಳ್ಳಿದೆ.

ಎಂಬತ್ತೇಳರ ಬೇಸಿಗೆಯಲ್ಲಿ ಅವನಿಗೆ ಕಾಮಾಲೆ ಬಂತು. ನಾಟಿ ಔಷಧಿಯಾಯಿತು, ಆಸ್ಪತ್ರೆಯೂ ಆಯಿತು, ಇಳಿಯಲಿಲ್ಲ. ತಾಯಲೂರಿನ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಒಂದು ಭಾನುವಾರ ಮಧ್ಯಾಹ್ನ ನಾನು ಹೋದಾಗ ಕಣ್ಣು ಮೈ ಎಲ್ಲ ಅರಿಶಿನದ ಬಣ್ಣ. ಅಂಜಮ್ಮ ಮಜ್ಜಿಗೆ ತರಲು ಒಳಗೆ ಹೋಗಿದ್ದರು. ಅವನು ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಯಾಕೋ ಹೇಳ್ದೆ ನಂಗೆ?" ಎಂದ.

ಒಂಬತ್ತು ವರ್ಷವಾಗುತ್ತ ಬಂದಿತ್ತು. ಯಾವುದರ ಮಾತು ಎಂದು ನಾನು ಕೇಳಲಿಲ್ಲ.

"ಒಂದೇ ದಿನ ಕಣೋ. ಒಂದು ದಿನ ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು."

"ನಿನ್ನ ಹತ್ರ ಸುಳ್ಳು ಹೇಳೋಕಾಗ್ಲಿಲ್ಲ ಅಣ್ಣ" ಎಂದೆ. ನನಗೆ ಅಳು ಬಂದಿತ್ತು. ಇದೂ ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು.

ಅವನು ನನ್ನನ್ನೇ ನೋಡಿದ. ಕೋಪವಿರಲಿಲ್ಲ, ಅದೇ ನನ್ನನ್ನು ಸುಟ್ಟದ್ದು.

"ನಾನಾಗಿದ್ರೆ ಹೇಳ್ತಿದ್ದೆ" ಎಂದ. "ನಿನ್ನ ಕಾಲಾಗಿದ್ರೆ ಚೆನ್ನ, ನಾನು ಸುಳ್ಳೇ ಹೇಳ್ತಿದ್ದೆ. ಪಾಪ ನನಗೆ ಬರ್ಲಿ ಅಂತ."

ಅಷ್ಟರಲ್ಲಿ ಅಂಜಮ್ಮ ಮಜ್ಜಿಗೆಯ ಲೋಟ ತಂದು ನನ್ನ ಮುಂದಿಟ್ಟರು. ನಾನು ಅದನ್ನು ಕುಡಿದು ಮುಗಿಸಿ ಎದ್ದು ಬಂದೆ.